ಸೈಬರ್ ಭದ್ರತಾ ತರಬೇತಿಗೆ ಕಂಟೇನರ್ ಟೆಂಪ್ಲೇಟ್ ಕಟ್ಟುವ ಬಗೆ: ಸಮಗ್ರ ಮಾರ್ಗದರ್ಶಿ

ಮಾಮೂಲಿ ಅಪ್ಲಿಕೇಶನ್ ಒಂದನ್ನು ಸರ್ವರ್‌ಗೆ ಏರಿಸುವಾಗ ಹೊರಗಿನವರು ಯಾರೂ ಒಳಗೆ ನುಗ್ಗಬಾರದು ಎಂದು ಬೇಲಿ ಹಾಕುತ್ತೇವೆ. ಭದ್ರತಾ ತರಬೇತಿಗೆಂದು ಕಟ್ಟಿದ ಅಪ್ಲಿಕೇಶನ್‌ಗೆ ಜನ ನುಗ್ಗಲೇಬೇಕು. ಆದರೆ ನುಗ್ಗಿದವರು ಅಲ್ಲಿಂದ ಆಚೆಗೆ ಒಂದು ಹೆಜ್ಜೆಯನ್ನೂ ಇಡಬಾರದು. ಅರವತ್ತು ವಿದ್ಯಾರ್ಥಿಗಳ ಕೈಗೆ ಒಂದೇ ಹೊತ್ತಿಗೆ ಶೆಲ್, ಅಂದರೆ ಸರ್ವರ್‌ಗೆ ನೇರ ಆಜ್ಞೆ ಹೊಡೆಯುವ ಜಾಗ, ಕೊಡುತ್ತೇವೆ ಎಂದಾದರೆ, ಅವರಲ್ಲಿ ಒಬ್ಬರಾದರೂ ಪಾಠದ ಗಡಿ ದಾಟಿ ಕೈಯಾಡಿಸಿ ನೋಡುತ್ತಾರೆ. ನೋಡಲಿ, ಕಲಿಯುವವರಿಗೆ ಆ ಕುತೂಹಲ ಇರಬೇಕು. ಅದನ್ನು ತಡೆದುಕೊಳ್ಳುವ ವ್ಯವಸ್ಥೆ ಕಟ್ಟುವುದು ನಮ್ಮ ಹೊಣೆ.

ಹಾಗಾಗಿ ಈ ಕೆಲಸದಲ್ಲಿ ನಾನು ಹಿಡಿದುಕೊಂಡಿರುವ ನಿಯಮ ಒಂದೇ. ದೋಷವು ನಾವು ಇಟ್ಟ ಜಾಗದಲ್ಲಿ ಮಾತ್ರ ಇರಬೇಕು, ಉಳಿದ ಕಡೆಯೆಲ್ಲ ಗೋಡೆ ಪ್ರೊಡಕ್ಷನ್ ಸರ್ವರ್‌ಗಿಂತಲೂ ಗಟ್ಟಿಯಾಗಿರಬೇಕು. ಪ್ರತಿ ಚಾಲೆಂಜ್, ಅಂದರೆ ಬೇಕೆಂದೇ ದೋಷವಿಟ್ಟ ಅಭ್ಯಾಸದ ಅಪ್ಲಿಕೇಶನ್, ಬರೆಯುವಾಗಲೂ ಈ ಗೋಡೆಗಳನ್ನು ನೆನಪಿನಿಂದ ಕಟ್ಟಲು ಹೋದರೆ ಒಂದಲ್ಲ ಒಂದು ಬಿಟ್ಟುಹೋಗುತ್ತದೆ. ಟೆಂಪ್ಲೇಟ್ ಬೇಕಾಗುವುದು ಇದಕ್ಕೇ. ಗೋಡೆಗಳೆಲ್ಲ ಒಮ್ಮೆ ಬರೆದು ಮುಗಿದಿರುತ್ತವೆ, ಚಾಲೆಂಜ್ ಬರೆಯುವವರು ದೋಷವಿರುವ ಪುಟವನ್ನಷ್ಟೇ ತಂದು ಕೂರಿಸುತ್ತಾರೆ.

ಉದಾಹರಣೆಗೆ ಒಂದು ಚಿಕ್ಕ ಚಾಲೆಂಜ್ ಇಟ್ಟುಕೊಳ್ಳೋಣ. ಪೈಥಾನ್‌ನ ಫ್ಲಾಸ್ಕ್‌ನಲ್ಲಿ ಬರೆದ ಒಂದೇ ಪುಟ. ಹೋಸ್ಟ್ ಹೆಸರು ಕೊಟ್ಟರೆ ಒಳಗೆ ಎನ್‌ಎಸ್‌ಲುಕಪ್ ಓಡಿಸಿ ಐಪಿ ವಿಳಾಸ ತೋರಿಸುತ್ತದೆ. ಹೆಸರನ್ನು ಪರಿಶೀಲಿಸದೆ ನೇರ ಶೆಲ್‌ಗೆ ದಾಟಿಸುವುದರಿಂದ, ಹೆಸರಿನ ಹಿಂದೆ ಸೆಮಿಕೋಲನ್ ಹಾಕಿ ಇನ್ನೊಂದು ಆಜ್ಞೆ ಸೇರಿಸಬಹುದು. ಕಮಾಂಡ್ ಇಂಜೆಕ್ಷನ್ ಪಾಠಕ್ಕೆ ಇದಕ್ಕಿಂತ ಸರಳವಾದದ್ದು ಬೇಡ. ಆಜ್ಞೆಗಳನ್ನೂ ಸೆಟ್ಟಿಂಗ್‌ಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ರೂಪದಲ್ಲೇ ಮಾಡಿ.

ಹಂತ 1: ಯಂತ್ರವನ್ನು ಸಿದ್ಧಮಾಡಿಕೊಳ್ಳುವುದು

ಕಂಟೇನರ್ ಅಂದರೆ ವರ್ಚುವಲ್ ಮಷೀನ್ ಅಲ್ಲ. ಲಿನಕ್ಸ್‌ನ ನೇಮ್‌ಸ್ಪೇಸ್ ಮತ್ತು ಸಿಗ್ರೂಪ್‌ಗಳ ನೆರವಿನಿಂದ ಬೇರೆ ಮಾಡಿಟ್ಟ ಪ್ರೊಸೆಸ್ ಅಷ್ಟೇ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಎಲ್ಲರಿಗೂ ಒಂದೇ. ಆ ಕರ್ನಲ್‌ನಲ್ಲೊಂದು ಬಿರುಕಿದ್ದರೆ ನಾವು ಕಟ್ಟಿದ ಗೋಡೆಗಳ ಲೆಕ್ಕವೇ ತಪ್ಪುತ್ತದೆ. 2016ರ ಡರ್ಟಿ ಕೌ, 2022ರ ಡರ್ಟಿ ಪೈಪ್ ಎರಡೂ ಅಂಥವೇ. ಕಂಟೇನರ್ ಓಡಿಸುವ ರನ್‌ಸಿಯಲ್ಲೇ 2019ರ ಫೆಬ್ರವರಿಯಲ್ಲಿ ಒಂದು ದೋಷ ಬಯಲಾಯಿತು, ದೋಷಗಳ ಸಾರ್ವಜನಿಕ ಪಟ್ಟಿಯಾದ ಸಿವಿಇಯಲ್ಲಿ ಅದರ ಸಂಖ್ಯೆ ಸಿವಿಇ-2019-5736. ಕಂಟೇನರ್‌ನೊಳಗೆ ರೂಟ್ ಆಗಿರುವವರು ಹೋಸ್ಟ್‌ನ, ಅಂದರೆ ಕಂಟೇನರ್‌ಗಳನ್ನು ಹೊತ್ತ ಯಂತ್ರದ, ರನ್‌ಸಿ ಬೈನರಿಯನ್ನೇ ತಿದ್ದಿ ಬರೆಯಬಹುದಿತ್ತು. 2024ರ ಜನವರಿಯಲ್ಲಿ ಸಿವಿಇ-2024-21626 ಬಂತು, ರನ್‌ಸಿ 1.1.12ರಲ್ಲಿ ಸರಿಪಡಿಸಿದರು.

ಇದರಿಂದ ಮೂರು ನಿರ್ಧಾರ ಹುಟ್ಟುತ್ತವೆ. ಮೊದಲನೆಯದು, ತರಬೇತಿಯ ಕಂಟೇನರ್‌ಗಳಿಗೆಂದೇ ಪ್ರತ್ಯೇಕ ವರ್ಚುವಲ್ ಮಷೀನ್ ಇಡಿ. ಕಾಲೇಜಿನ ಫಲಿತಾಂಶದ ಡೇಟಾಬೇಸ್, ಕಂಪನಿಯ ಗಿಟ್ ಸರ್ವರ್ ಯಾವುದೂ ಅದರ ಮೇಲೆ ಇರಕೂಡದು. ಕಾರ್ಯಕ್ರಮ ಮುಗಿದ ಮೇಲೆ ಅಳಿಸಿ ಹಾಕಲು ಮನಸ್ಸು ಹಿಂಜರಿಯದಂಥ ಯಂತ್ರ ಅದಾಗಿರಬೇಕು. ಎರಡನೆಯದು, ಕಾರ್ಯಕ್ರಮದ ಹಿಂದಿನ ವಾರ ಕರ್ನಲ್, ಕಂಟೇನರ್‌ಗಳನ್ನು ಕಟ್ಟಿ ನಿಭಾಯಿಸುವ ಡಾಕರ್, ರನ್‌ಸಿ ಮೂರನ್ನೂ ಅಪ್‌ಡೇಟ್ ಮಾಡಿ. ಮೂರನೆಯದು, ಹಿನ್ನೆಲೆಯಲ್ಲಿ ಓಡುವ ಡಾಕರ್ ಡೀಮನ್‌ನಲ್ಲಿ ಯೂಸರ್‌ಎನ್‌ಎಸ್-ರೀಮ್ಯಾಪ್ ಚಾಲೂ ಮಾಡಿ. ಆಗ ಕಂಟೇನರ್‌ನೊಳಗಿನ ರೂಟ್ ಹೋಸ್ಟ್‌ನಲ್ಲಿ ಯಾವ ಅಧಿಕಾರವೂ ಇಲ್ಲದ, ದೊಡ್ಡ ಸಂಖ್ಯೆಯ ಬಳಕೆದಾರನಾಗಿ ಉಳಿಯುತ್ತಾನೆ. 2019ರ ದೋಷದ ಹಲ್ಲು ಕಿತ್ತದ್ದು ಇಂಥದೇ ಏರ್ಪಾಡು.

ಹಂತ 2: ಫೋಲ್ಡರ್‌ನ ವಿನ್ಯಾಸ

ಟೆಂಪ್ಲೇಟ್ ಅಂದರೆ ಕೊನೆಗೆ ಒಂದು ಫೋಲ್ಡರ್. ಅದರಲ್ಲಿ ಬದಲಾಗುವುದು ಯಾವುದು, ಬದಲಾಗದ್ದು ಯಾವುದು ಎಂದು ಮೊದಲೇ ಗೆರೆ ಎಳೆಯಬೇಕು. ಆಪ್ ಎಂಬ ಒಳಫೋಲ್ಡರ್‌ನಲ್ಲಿ ದೋಷವಿರುವ ಕೋಡ್, ಚಾಲೆಂಜ್ ಬರೆಯುವವರ ಕೈ ಅಲ್ಲಿಗೆ ಮಾತ್ರ. ಇಮೇಜನ್ನು (ಕಂಟೇನರ್ ಹುಟ್ಟುವ ಅಚ್ಚನ್ನು) ಕಟ್ಟುವ ಡಾಕರ್‌ಫೈಲ್, ಕಂಟೇನರ್‌ಗಳನ್ನು ಮಿತಿ ಹಾಕಿ ಎಬ್ಬಿಸುವ ಕಂಪೋಸ್ ಫೈಲ್, ನಡುವೆ ನಿಂತು ಕೋರಿಕೆ ದಾಟಿಸುವ ಪ್ರಾಕ್ಸಿಯ ಸೆಟ್ಟಿಂಗ್ ಇವು ಗೋಡೆಗಳು, ಟೆಂಪ್ಲೇಟ್ ನೋಡಿಕೊಳ್ಳುವವರಿಗೆ ಸೇರಿದ್ದು. ಪರಿಹಾರ ಎಂಬ ಫೋಲ್ಡರ್‌ನಲ್ಲಿ ಚಾಲೆಂಜ್ ಬಿಡಿಸುವ ಸ್ಕ್ರಿಪ್ಟ್. ಪರೀಕ್ಷೆ ಎಂಬ ಫೋಲ್ಡರ್‌ನಲ್ಲಿ ಗೋಡೆಗಳನ್ನು ತಟ್ಟಿ ನೋಡುವ ಸ್ಕ್ರಿಪ್ಟ್. ಜೊತೆಗೆ ಚಾಲೆಂಜ್‌ನ ಹೆಸರು, ಗುರುತು, ಒಳಗಿನ ಪೋರ್ಟ್, ಬೇಕಾದ ಮೆಮೊರಿ, ಬರೆದವರು ಇಷ್ಟನ್ನು ಹಿಡಿದಿಡುವ ಒಂದು ಯಾಮಲ್ ಫೈಲ್.

ಈ ಫೋಲ್ಡರನ್ನು ಕೈಯಾರೆ ನಕಲು ಮಾಡಬೇಡಿ. ಕುಕೀಕಟರ್ ಎಂಬ ಪೈಥಾನ್ ಸಾಧನಕ್ಕೆ ಕೊಟ್ಟರೆ ಅದೇ ನಾಲ್ಕು ಪ್ರಶ್ನೆ ಕೇಳಿ ಹೊಸ ಫೋಲ್ಡರ್ ಹುಟ್ಟಿಸುತ್ತದೆ. ನಕಲು ಮಾಡಿದ ಫೋಲ್ಡರ್‌ಗಳಲ್ಲಿ ಹಳೆಯ ಚಾಲೆಂಜ್‌ನ ಫ್ಲ್ಯಾಗ್ (ಬಿಡಿಸಿದ್ದಕ್ಕೆ ಪುರಾವೆಯಾಗಿ ಹುಡುಕಿ ಒಪ್ಪಿಸಬೇಕಾದ ಗುಟ್ಟಿನ ಪದ), ಹಳೆಯ ಪೋರ್ಟ್ ಸದ್ದಿಲ್ಲದೆ ಉಳಿದುಬಿಡುತ್ತವೆ.

ಡಾಕರ್‌ಇಗ್ನೋರ್ ಫೈಲ್‌ನಲ್ಲಿ ಪರಿಹಾರ, ಪರೀಕ್ಷೆ, ಗಿಟ್ ಈ ಮೂರು ಫೋಲ್ಡರ್‌ಗಳು ಟೆಂಪ್ಲೇಟ್‌ನಲ್ಲೇ ನಮೂದಾಗಿರಲಿ. ಇಲ್ಲದಿದ್ದರೆ ಇಡೀ ಫೋಲ್ಡರನ್ನು ಇಮೇಜ್‌ಗೆ ನಕಲಿಸುವ ಒಂದೇ ಸಾಲು ಉತ್ತರವನ್ನೂ ಪ್ರಶ್ನೆಪತ್ರಿಕೆಯ ಜೊತೆಗೇ ಹಂಚಿಬಿಡುತ್ತದೆ.

ಹಂತ 3: ಡಾಕರ್‌ಫೈಲ್

ಮೊದಲ ಸಾಲಿನ ಫ್ರಮ್‌ನಲ್ಲಿ ಲೇಟೆಸ್ಟ್ ಎಂದು ಬರೆಯಬೇಡಿ. ಡೆಬಿಯನ್ 12ರ ಮೇಲಿನ ಪೈಥಾನ್ 3.12 ಸ್ಲಿಮ್ ಇಮೇಜ್ ತೆಗೆದುಕೊಂಡು, ಟ್ಯಾಗ್‌ನ ಹಿಂದೆ ಅದರ ಶಾ-256 ಡೈಜೆಸ್ಟ್, ಅಂದರೆ ಇಮೇಜ್‌ನ ಬೆರಳಚ್ಚು, ಕೂಡ ಸೇರಿಸಿ. ಟ್ಯಾಗ್ ಇವತ್ತು ಒಂದು ಇಮೇಜ್ ತೋರಿಸಿದರೆ ಮುಂದಿನ ತಿಂಗಳು ಇನ್ನೊಂದನ್ನು ತೋರಿಸಬಹುದು, ಡೈಜೆಸ್ಟ್ ಹಾಗೆ ಬದಲಾಗುವುದಿಲ್ಲ. ತರಬೇತಿಯಲ್ಲಿ ಇದರ ಬೆಲೆ ಹೆಚ್ಚು. ದೋಷವಿರುವ ಆವೃತ್ತಿಯನ್ನೇ ನೆಚ್ಚಿಕೊಂಡ ಚಾಲೆಂಜ್, ಇಮೇಜ್ ತಾನಾಗಿ ಸುಧಾರಿಸಿಕೊಂಡರೆ ಬಿಡಿಸಲಾಗದ ಒಗಟಾಗುತ್ತದೆ.

ಆಮೇಲೆ ಬೇಕಾದ ಪ್ಯಾಕೇಜ್‌ಗಳು. ನಮ್ಮ ಉದಾಹರಣೆಗೆ ಬೈಂಡ್9-ಡಿಎನ್‌ಎಸ್‌ಯುಟಿಲ್ಸ್ ಒಂದೇ ಸಾಕು, ಎನ್‌ಎಸ್‌ಲುಕಪ್ ಅದರಲ್ಲಿದೆ. ಇಲ್ಲಿ ಒಂದು ಸೂಕ್ಷ್ಮ. ಕಮಾಂಡ್ ಇಂಜೆಕ್ಷನ್ ಅಂದರೆ ಬಹಳ ಮಂದಿಗೆ ಮೊದಲು ನೆನಪಾಗುವುದು ಪಿಂಗ್ ಪುಟ. ಡೆಬಿಯನ್ 12ರಲ್ಲಿ ಪಿಂಗ್ ಬೈನರಿಗೆ ನೆಟ್-ರಾ ಎಂಬ ವಿಶೇಷಾಧಿಕಾರ ಅಂಟಿಸಿರುತ್ತಾರೆ. ಮುಂದಿನ ಹಂತದಲ್ಲಿ ನಾವು ಎಲ್ಲ ಅಧಿಕಾರಗಳನ್ನೂ ಕಿತ್ತುಹಾಕಿದಾಗ ಆ ಪಿಂಗ್ ಏಳುವುದೇ ಇಲ್ಲ, ಅನುಮತಿಯಿಲ್ಲ ಎಂದು ಬಿದ್ದುಹೋಗುತ್ತದೆ. ಅದನ್ನು ಎಬ್ಬಿಸಲು ಅಧಿಕಾರ ವಾಪಸ್ ಕೊಡುವ ಬದಲು, ಅಧಿಕಾರ ಬೇಡದ ಸಾಧನವನ್ನೇ ಪಾಠಕ್ಕೆ ಆರಿಸಿಕೊಳ್ಳಿ.

ಇನ್ನು ಬಳಕೆದಾರ. 10001ರಂಥ ಸಂಖ್ಯೆಯ ಒಬ್ಬ ಬಳಕೆದಾರನನ್ನು ಹುಟ್ಟುಹಾಕಿ, ಕೋಡ್ ಫೈಲ್‌ಗಳೆಲ್ಲ ರೂಟ್ ಒಡೆತನದಲ್ಲೇ ಇರಲಿ, ಆಪ್ ಮಾತ್ರ ಈ ಬಳಕೆದಾರನ ಹೆಸರಲ್ಲಿ ಓಡಲಿ. ಶೆಲ್ ಸಿಕ್ಕಿದ ವಿದ್ಯಾರ್ಥಿ ಆಪ್ ಕೋಡ್ ಓದಬಹುದು, ತಿದ್ದಲಾಗದು. ಕೊನೆಯ ಸಿಎಂಡಿ ಸಾಲನ್ನು ಚೌಕ ಆವರಣದ ಪಟ್ಟಿಯಾಗಿ ಬರೆಯಿರಿ. ಬರೀ ವಾಕ್ಯದಂತೆ ಬರೆದರೆ ನಡುವೆ ಶೆಲ್ ಬಂದು ಕೂರುತ್ತದೆ, ನಿಲ್ಲಿಸು ಎಂಬ ಸಿಗ್ನಲ್ ಆಪ್‌ವರೆಗೆ ತಲುಪದೇ ಹೋಗಬಹುದು. ಆಗ ಡಾಕರ್ 10 ಸೆಕೆಂಡ್ ಕಾದು ಬಲವಂತವಾಗಿ ಕೊಲ್ಲಬೇಕಾಗುತ್ತದೆ.

ಆಪ್ ಕೋಡ್‌ನಲ್ಲಿ ದೋಷ ಇಡುವಾಗಲೂ ಎಚ್ಚರ ಬೇಕು. ವಿದ್ಯಾರ್ಥಿ ಸೆಮಿಕೋಲನ್ ಹಿಂದೆ ಸ್ಲೀಪ್ 1000 ಎಂದು ಬರೆದರೆ ಏನಾಗುತ್ತದೆ ಎಂದು ಯೋಚಿಸಿ. ಪೈಥಾನ್‌ನ ಸಬ್‌ಪ್ರೊಸೆಸ್‌ಗೆ ಐದು ಸೆಕೆಂಡ್ ಮಿತಿ ಕೊಟ್ಟರೂ ಅದು ಕೊಲ್ಲುವುದು ಶೆಲ್ಲನ್ನು ಮಾತ್ರ. ಶೆಲ್ ಹೆತ್ತ ಸ್ಲೀಪ್ ಔಟ್‌ಪುಟ್ ಪೈಪನ್ನು ಹಿಡಿದುಕೊಂಡೇ ಇದ್ದರೆ ಪುಟ ಕಾಯುತ್ತಲೇ ಇರುತ್ತದೆ. ಲಿನಕ್ಸ್‌ನ ಟೈಮ್‌ಔಟ್ ಆಜ್ಞೆಯನ್ನು ಮುಂದಿಟ್ಟು, ಅದರೊಳಗೆ ಶೆಲ್ ಓಡಿಸಿದರೆ ಇಡೀ ಗುಂಪಿಗೇ ಸಿಗ್ನಲ್ ಹೋಗುತ್ತದೆ.

ಹಂತ 4: ಫ್ಲ್ಯಾಗ್ ಎಲ್ಲಿ, ಹೇಗೆ

ಫ್ಲ್ಯಾಗನ್ನು ಇಮೇಜ್‌ನೊಳಗೆ ಬೇಯಿಸಬೇಡಿ. ಇಮೇಜ್ ಅಂದರೆ ಪದರದ ಮೇಲೆ ಪದರ. ಒಂದು ಸಾಲಿನಲ್ಲಿ ನಕಲಿಸಿ ಮುಂದಿನ ಸಾಲಿನಲ್ಲಿ ಅಳಿಸಿದ ಫೈಲ್ ಹಳೆಯ ಪದರದಲ್ಲಿ ಇದ್ದೇ ಇರುತ್ತದೆ. ಬಿಲ್ಡ್ ಹೊತ್ತಿನ ಆರ್ಗ್ ಮೌಲ್ಯ ಬಳಸಿದ್ದರೆ ಅದು ಡಾಕರ್ ಹಿಸ್ಟರಿಯಲ್ಲಿ ಕಾಣಿಸಬಹುದು. ಎನ್ವಿರಾನ್‌ಮೆಂಟ್ ವೇರಿಯಬಲ್ ಕೂಡ ಬೇಡ. ಎನ್ವ್ ಎಂದು ಮೂರಕ್ಷರ ಹೊಡೆದರೆ ಸಿಗುವ ಫ್ಲ್ಯಾಗ್, ಫೈಲ್ ಹುಡುಕಿ ಓದಬೇಕೆಂಬ ಪಾಠವನ್ನು ಅಡ್ಡದಾರಿಯಲ್ಲಿ ಮುಗಿಸುತ್ತದೆ.

ಕಂಪೋಸ್‌ನ ಸೀಕ್ರೆಟ್ಸ್ ವಿಭಾಗದ ಮೂಲಕ ಒಂದು ಫೈಲ್ ಆಗಿ ಒಳಗೆ ಕೊಡಿ. ಒಂದು ಹುಳುಕು ಗೊತ್ತಿರಲಿ. ಕಂಪೋಸ್‌ನಲ್ಲಿ ಫೈಲ್‌ನಿಂದ ಬರುವ ಸೀಕ್ರೆಟ್ ನಿಜಕ್ಕೂ ಬೈಂಡ್ ಮೌಂಟ್ (ಹೋಸ್ಟ್‌ನ ಫೈಲನ್ನೇ ಒಳಗೆ ತೋರಿಸುವುದು) ಅಷ್ಟೇ, ಹೋಸ್ಟ್‌ನಲ್ಲಿ ಆ ಫೈಲ್‌ಗೆ ಇರುವ ಅನುಮತಿಯೇ ಒಳಗೂ ಇರುತ್ತದೆ. ಹೋಸ್ಟ್‌ನಲ್ಲಿ ರೂಟ್ ಮಾತ್ರ ಓದಬಲ್ಲ ಫೈಲ್ ಆಗಿದ್ದರೆ ಆಪ್ ಬಳಕೆದಾರನಿಗೂ ಸಿಗದು, ಸರಿಯಾಗಿ ಬಿಡಿಸಿದ ವಿದ್ಯಾರ್ಥಿಯೂ ಬರಿಗೈಲಿ ಕೂರುತ್ತಾನೆ. ಎಲ್ಲರೂ ಓದಬಹುದಾದ, ಯಾರೂ ಬರೆಯಲಾಗದ 0444 ಇಡಿ.

ತಂಡಕ್ಕೊಂದು ಫ್ಲ್ಯಾಗ್ ಇರಲಿ. ಸಂಘಟಕರ ಬಳಿ ಮಾತ್ರ ಇರುವ ಒಂದು ಗುಟ್ಟಿನ ಕೀ, ತಂಡದ ಸಂಖ್ಯೆ, ಚಾಲೆಂಜ್ ಗುರುತು ಇವನ್ನು ಎಚ್‌ಮ್ಯಾಕ್-ಶಾ256 ಎಂಬ ಗೂಢಲಿಪಿ ಲೆಕ್ಕಕ್ಕೆ ಕೊಟ್ಟು ಬಂದ ಫಲದ ಮೊದಲ ಇಪ್ಪತ್ತು ಅಕ್ಷರ ತೆಗೆದುಕೊಂಡರೆ ಆಯಿತು. ಎಲ್ಲೂ ಪಟ್ಟಿ ಉಳಿಸಬೇಕಿಲ್ಲ, ಬೇಕಾದಾಗ ಮತ್ತೆ ಲೆಕ್ಕ ಹಾಕಬಹುದು. ಏಳನೇ ತಂಡದ ಫ್ಲ್ಯಾಗನ್ನು ಹನ್ನೆರಡನೇ ತಂಡ ಒಪ್ಪಿಸಿದರೆ ಅಲ್ಲೇ ಗೊತ್ತಾಗುತ್ತದೆ.

ಹಂತ 5: ಕಂಪೋಸ್ ಫೈಲ್‌ನ ಬೇಲಿ

ಇವು ಪ್ರತಿ ಚಾಲೆಂಜ್‌ಗೂ ಕಡ್ಡಾಯ, ಹಾಗಾಗಿ ಟೆಂಪ್ಲೇಟ್‌ನಲ್ಲೇ ಬರೆದಿಡಿ.

ಕ್ಯಾಪ್-ಡ್ರಾಪ್: ಆಲ್. ಕರ್ನಲ್ ಕೊಡುವ ವಿಶೇಷಾಧಿಕಾರಗಳೆಲ್ಲ ಹೋಗುತ್ತವೆ. ಯಾವುದಾದರೂ ಚಾಲೆಂಜ್‌ಗೆ ಒಂದು ಬೇಕೇಬೇಕು ಅಂದರೆ ಹೆಸರು ಹಿಡಿದು ಅದೊಂದನ್ನೇ ವಾಪಸ್ ಸೇರಿಸಿ, ಏಕೆ ಎಂದು ಪಕ್ಕದಲ್ಲೇ ಕಾಮೆಂಟ್ ಬರೆಯಿರಿ.

ಸೆಕ್ಯೂರಿಟಿ-ಆಪ್ಟ್: ನೋ-ನ್ಯೂ-ಪ್ರಿವಿಲೆಜಸ್. ಓಡಿಸಿದವರಿಗೆ ಫೈಲ್ ಒಡೆಯನ ಅಧಿಕಾರ ಕೊಡುವ ಸೆಟ್‌ಯುಐಡಿ ಬೈನರಿಗಳ ಮೂಲಕ ಮೇಲೇರುವ ದಾರಿ ಮುಚ್ಚುತ್ತದೆ. ಪಾಠವೇ ಸೆಟ್‌ಯುಐಡಿ ಕುರಿತದ್ದಾದರೆ ಇದನ್ನು ತೆಗೆಯಬೇಕು, ಅಂಥ ಚಾಲೆಂಜ್‌ಗೆ ಬೇರೆಯದೇ ಟೆಂಪ್ಲೇಟ್ ಮಾಡಿ.

ರೀಡ್-ಓನ್ಲಿ: ಟ್ರೂ. ಒಬ್ಬರು ಪುಟವನ್ನು ಕೆಡಿಸಿ ಮುಂದಿನವರ ಪಾಠ ಹಾಳುಮಾಡುವುದು ನಿಲ್ಲುತ್ತದೆ, ಡಿಸ್ಕ್ ತುಂಬಿಸುವುದೂ ನಿಲ್ಲುತ್ತದೆ. ಇದನ್ನು ಹಾಕಿದ ಕೂಡಲೇ ಫ್ಲಾಸ್ಕ್ ಪುಟ ಓಡಿಸುವ ವೆಬ್ ಸರ್ವರ್ ಜಿಯುನಿಕಾರ್ನ್ ಏಳಲು ಒಪ್ಪುವುದಿಲ್ಲ, ಅದಕ್ಕೆ ಬರೆಯಲು ಒಂದು ತಾತ್ಕಾಲಿಕ ಫೋಲ್ಡರ್ ಬೇಕು. ಟಿಎಂಪಿ ಫೋಲ್ಡರನ್ನು ಮೆಮೊರಿಯಲ್ಲೇ ಇರುವ ಟಿಎಂಪಿಎಫ್‌ಎಸ್ ಆಗಿ ಕೊಡಿ, ಗಾತ್ರ 16 ಎಂಬಿ ಎಂದು ನಮೂದಿಸಿ. ಗಾತ್ರ ಬರೆಯದೆ ಬಿಟ್ಟರೆ ಅದರ ಮಿತಿ ಹೋಸ್ಟ್‌ನ ಮೆಮೊರಿಯ ಅರ್ಧದಷ್ಟಾಗುತ್ತದೆ.

ಪಿಡ್ಸ್-ಲಿಮಿಟ್: 64. ಇದು ನನ್ನ ಮಟ್ಟಿಗೆ ಅತಿ ಮುಖ್ಯ, ಅತಿ ಹೆಚ್ಚು ಮರೆತುಹೋಗುವ ಸಾಲು. ಡಾಕರ್ ತಾನಾಗಿ ಪ್ರೊಸೆಸ್‌ಗಳ ಸಂಖ್ಯೆಗೆ ಮಿತಿ ಹಾಕುವುದಿಲ್ಲ. ಶೆಲ್ ಸಿಕ್ಕ ಯಾರಾದರೂ ತನ್ನನ್ನೇ ಮತ್ತೆ ಮತ್ತೆ ಹುಟ್ಟಿಸಿಕೊಳ್ಳುವ ಫೋರ್ಕ್ ಬಾಂಬ್ ಹಾಕಿದರೆ ಇಡೀ ಯಂತ್ರ, ಅಂದರೆ ಎಲ್ಲ ತಂಡಗಳ ಚಾಲೆಂಜ್‌ಗಳೂ ಒಟ್ಟಿಗೆ ಮಲಗುತ್ತವೆ.

ಮೆಮೊರಿ 128 ಎಂಬಿ, ಸಿಪಿಯು 0.25. ಯಂತ್ರದಲ್ಲಿ ಸ್ವಾಪ್ ಇದ್ದರೆ ಮೆಮ್‌ಸ್ವಾಪ್ ಮಿತಿಯನ್ನೂ 128 ಎಂದೇ ಬರೆಯಿರಿ, ಇಲ್ಲದಿದ್ದರೆ ಮೆಮೊರಿಯಷ್ಟೇ ಸ್ವಾಪನ್ನೂ ಕಂಟೇನರ್ ಬಳಸಿಕೊಳ್ಳಬಹುದು. ಇನಿಟ್: ಟ್ರೂ ಹಾಕಿದರೆ ಸತ್ತ ಪ್ರೊಸೆಸ್‌ಗಳನ್ನು ಗುಡಿಸಲು ಒಬ್ಬರು ಸಿಗುತ್ತಾರೆ, ಕಮಾಂಡ್ ಇಂಜೆಕ್ಷನ್‌ನಲ್ಲಿ ಅಂಥವು ಬಹಳ ಹುಟ್ಟುತ್ತವೆ. ಲಾಗಿಂಗ್‌ನಲ್ಲಿ ಮ್ಯಾಕ್ಸ್-ಸೈಜ್ 5 ಎಂಬಿ, ಎರಡು ಫೈಲ್. ಡಾಕರ್‌ನ ಜೇಸನ್ ಲಾಗ್‌ಗೆ ತಾನಾಗಿ ಮಿತಿ ಇಲ್ಲ, ಯಾರಾದರೂ ಸ್ಕ್ಯಾನರ್ ಹಚ್ಚಿ ಊಟಕ್ಕೆ ಹೋದರೆ ಡಿಸ್ಕ್ ತುಂಬುವುದು ಅಲ್ಲಿಂದಲೇ.

ಮಾಡಲೇಬಾರದ್ದು ಎರಡು. ಪ್ರಿವಿಲೆಜ್ಡ್ ಎಂಬ ಸಾಲು ಯಾವ ಕಾರಣಕ್ಕೂ ಬೇಡ. ಡಾಕರ್‌ನ ಸಾಕೆಟ್ ಫೈಲನ್ನು ಚಾಲೆಂಜ್ ಕಂಟೇನರ್‌ನೊಳಗೆ ಮೌಂಟ್ ಮಾಡಬೇಡಿ. ಆ ಸಾಕೆಟ್ ಸಿಕ್ಕವರಿಗೆ ಹೋಸ್ಟ್‌ನ ರೂಟ್ ಸಿಕ್ಕ ಹಾಗೆಯೇ.

ಹಂತ 6: ನೆಟ್‌ವರ್ಕ್

ಹೆಚ್ಚು ಅನಾಹುತ ಆಗುವುದು ಇಲ್ಲಿ, ಹಾಗಾಗಿ ನಿಧಾನವಾಗಿ ನೋಡೋಣ.

ತಂಡಕ್ಕೆ ಎರಡು ನೆಟ್‌ವರ್ಕ್ ಕೊಡಿ. ಒಂದು ಒಳಜಾಲ, ಕಂಪೋಸ್‌ನಲ್ಲಿ ಇಂಟರ್ನಲ್: ಟ್ರೂ ಎಂದು ಬರೆದದ್ದು. ಅದರಲ್ಲಿರುವ ಕಂಟೇನರ್‌ಗೆ ಹೊರಗಿನ ಇಂಟರ್ನೆಟ್ ಸಿಗದು. ಇನ್ನೊಂದು ಮುಂಜಾಲ. ದೋಷವಿರುವ ಆಪ್ ಒಳಜಾಲದಲ್ಲಿ ಮಾತ್ರ ಇರಬೇಕು. ಆದರೆ ಒಳಜಾಲದಲ್ಲಷ್ಟೇ ಇರುವ ಕಂಟೇನರ್‌ನ ಪೋರ್ಟ್ ಪ್ರಕಟಿಸಿದರೂ ಲ್ಯಾಬ್‌ನ ಕಂಪ್ಯೂಟರ್‌ಗಳಿಂದ ಅದು ತೆರೆಯುವುದಿಲ್ಲ. ಇಲ್ಲಿಗೆ ಬಂದು ಸಿಕ್ಕಿಕೊಂಡ ಅನೇಕರು ಇಂಟರ್ನಲ್ ಸಾಲನ್ನೇ ಅಳಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ನಡುವೆ ಒಂದು ಚಿಕ್ಕ ಎನ್‌ಜಿನ್‌ಎಕ್ಸ್ ಪ್ರಾಕ್ಸಿ ಇಟ್ಟು, ಅದನ್ನು ಮಾತ್ರ ಎರಡೂ ಜಾಲಕ್ಕೆ ಸೇರಿಸಿ. ರೂಟ್ ಇಲ್ಲದೆ 8080ರಲ್ಲಿ ಓಡುವ ಅನ್‌ಪ್ರಿವಿಲೆಜ್ಡ್ ಎನ್‌ಜಿನ್‌ಎಕ್ಸ್ ಇಮೇಜ್ ಇದಕ್ಕೆ ಸೊಗಸಾಗಿ ಒಗ್ಗುತ್ತದೆ, 32 ಎಂಬಿ ಮೆಮೊರಿಯಲ್ಲಿ ನಡೆಯುತ್ತದೆ. ಪ್ರಾಕ್ಸಿಯಲ್ಲೇ ತಂಡಕ್ಕೊಂದು ಪಾಸ್‌ವರ್ಡ್ ಇಟ್ಟರೆ ಪಕ್ಕದ ತಂಡದ ಪೋರ್ಟ್ ಊಹಿಸಿ ಇಣುಕುವುದೂ ತಪ್ಪುತ್ತದೆ.

ಇಂಟರ್ನೆಟ್ ಏಕೆ ಕಡಿಯಬೇಕು? ನಿಮ್ಮ ಸರ್ವರ್‌ನಿಂದ ಹೊರಟ ದಾಳಿ ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದೆ. ಮಾಲೀಕರ ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್‌ಗೆ ಪ್ರವೇಶಿಸುವುದು ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳಡಿ ಬರುತ್ತದೆ. 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಇದನ್ನು ವಿದ್ಯಾರ್ಥಿಗಳಿಗೆ ಮೊದಲ ತಾಸಿನಲ್ಲೇ ಹೇಳಿ. ಹೇಳಿದ ಮೇಲೂ ದಾರಿ ಮುಚ್ಚಿಯೇ ಇಡಿ.

ಸರ್ವರ್ ಕ್ಲೌಡ್‌ನಲ್ಲಿದ್ದರೆ ಇನ್ನೊಂದು ಕಾರಣ ಇದೆ. ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್ ಮೂರರ ಕ್ಲೌಡ್‌ನಲ್ಲೂ 169.254.169.254 ಎಂಬ ವಿಳಾಸದಲ್ಲಿ ಮೆಟಾಡೇಟಾ ಸೇವೆ ಇರುತ್ತದೆ, ಯಂತ್ರಕ್ಕೆ ಕೊಟ್ಟ ತಾತ್ಕಾಲಿಕ ಕೀಗಳು ಅಲ್ಲಿ ಸಿಗುತ್ತವೆ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ ಹತ್ತು ಕೋಟಿಗೂ ಹೆಚ್ಚು ಜನರ ಮಾಹಿತಿ ಸೋರಿದ್ದು ಈ ಸೇವೆಯ ದಾರಿಯಲ್ಲೇ. ನಮ್ಮ ಎನ್‌ಎಸ್‌ಲುಕಪ್ ಪುಟ ಒಳಜಾಲದ ಹೊರಗಿದ್ದರೆ ಅದೇ ದಾರಿ ವಿದ್ಯಾರ್ಥಿಗೂ ತೆರೆದಿರುತ್ತದೆ.

ಒಳಜಾಲ ಎಂದಾಕ್ಷಣ ಎಲ್ಲ ಮುಚ್ಚಿತು ಎಂದುಕೊಳ್ಳಬಾರದು. ಎರಡು ಸಂದು ಉಳಿದಿರುತ್ತವೆ. ಮೊದಲನೆಯದು ಡಿಎನ್‌ಎಸ್, ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ. ಹಳೆಯ ಡಾಕರ್‌ನಲ್ಲಿ ಒಳಜಾಲದ ಕಂಟೇನರ್ ಕೇಳಿದ ಹೊರಗಿನ ಹೆಸರುಗಳನ್ನೂ ಡಾಕರ್ ಹೋಸ್ಟ್‌ನ ಮೂಲಕ ಹುಡುಕಿಕೊಡುತ್ತಿತ್ತು, ಆ ಹೆಸರುಗಳಲ್ಲೇ ಮಾಹಿತಿ ತುಂಬಿ ಹೊರಗೆ ಸಾಗಿಸಬಹುದಿತ್ತು. ಸಿವಿಇ-2024-29018 ಎಂಬ ಹೆಸರಿನಲ್ಲಿ ಇದನ್ನು 2024ರ ಮಾರ್ಚ್‌ನಲ್ಲಿ ಸರಿಪಡಿಸಿದರು. ಅದಕ್ಕಿಂತ ಹಳೆಯ ಡಾಕರ್ ಇಟ್ಟುಕೊಂಡಿದ್ದರೆ ಬದಲಿಸಿ. ಎರಡನೆಯದು ಹೋಸ್ಟ್ ಸ್ವತಃ. ಡಾಕರ್‌ನ ಪ್ರತಿ ಜಾಲವನ್ನೂ ಜೋಡಿಸುವ ಬ್ರಿಡ್ಜ್‌ಗೆ ಹೋಸ್ಟ್‌ನ ಕಡೆ ಒಂದು ವಿಳಾಸ ಇರುತ್ತದೆ, ಸಾಮಾನ್ಯವಾಗಿ ಕೊನೆಯ ಅಂಕಿ 1. ಹೋಸ್ಟ್‌ಗೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಸೇವೆ ಎಲ್ಲ ವಿಳಾಸಗಳಲ್ಲೂ ಕಿವಿಗೊಟ್ಟಿದ್ದರೆ, ಒಳಜಾಲದಿಂದಲೂ ಆ ಬಾಗಿಲು ತಟ್ಟಬಹುದು. ಎಸ್‌ಎಸ್‌ಎಚ್ ಮತ್ತಿತರ ಹೋಸ್ಟ್ ಸೇವೆಗಳನ್ನು ಆಡಳಿತದ ಒಂದೇ ವಿಳಾಸಕ್ಕೆ ಕಟ್ಟಿ, ಬ್ರಿಡ್ಜ್‌ಗಳಿಂದ ಹೋಸ್ಟ್‌ಗೆ ಬರುವುದನ್ನು ಲಿನಕ್ಸ್ ಫೈರ್‌ವಾಲ್ ಆದ ಐಪಿಟೇಬಲ್ಸ್‌ನ ಇನ್‌ಪುಟ್ ಸರಣಿಯಲ್ಲಿ ತಡೆಯಿರಿ.

ಫೈರ್‌ವಾಲ್ ಮಾತು ಬಂತಲ್ಲ, ಉಬುಂಟುವಿನ ಯುಎಫ್‌ಡಬ್ಲ್ಯೂ ನೆಚ್ಚಿಕೊಂಡವರು ಗಮನಿಸಿ. ಡಾಕರ್ ಪ್ರಕಟಿಸಿದ ಪೋರ್ಟ್‌ಗಳು ಯುಎಫ್‌ಡಬ್ಲ್ಯೂ ನಿಯಮಗಳ ಮೂಲಕ ಹಾದುಹೋಗುವುದೇ ಇಲ್ಲ, ಅವಕ್ಕೂ ಮೊದಲೇ ದಾರಿ ತಿರುಗಿರುತ್ತದೆ. ಮುಚ್ಚಿದೆ ಎಂದು ಯುಎಫ್‌ಡಬ್ಲ್ಯೂ ಹೇಳುತ್ತಿರುವಾಗಲೇ ದೋಷಭರಿತ ಆಪ್ ಊರಿಗೆಲ್ಲ ತೆರೆದಿರಬಹುದು. ಪೋರ್ಟ್ ಪ್ರಕಟಿಸುವಾಗ ಬರೀ ಸಂಖ್ಯೆ ಬರೆಯದೆ ಲ್ಯಾಬ್ ಕಡೆಯ ಐಪಿ ವಿಳಾಸವನ್ನೂ ಮುಂದೆ ಸೇರಿಸಿ. ಹೆಚ್ಚಿನ ನಿಯಮ ಬೇಕಿದ್ದರೆ ಡಾಕರ್-ಯೂಸರ್ ಎಂಬ ಸರಣಿಯಲ್ಲಿ ಬರೆಯಿರಿ.

ಹಂತ 7: ತಂಡಕ್ಕೊಂದು ಪ್ರತಿ

ಎಲ್ಲರೂ ಹಂಚಿಕೊಳ್ಳುವ ಒಂದೇ ಕಂಟೇನರ್, ಶೆಲ್ ಸಿಗುವ ಚಾಲೆಂಜ್‌ಗೆ ಸರಿಹೋಗದು. ಒಬ್ಬರು ಬಿಟ್ಟ ಜಾಡು ಇನ್ನೊಬ್ಬರಿಗೆ ಉತ್ತರವಾಗುತ್ತದೆ. ಕಂಪೋಸ್‌ಗೆ ಪ್ರಾಜೆಕ್ಟ್ ಹೆಸರು ಕೊಡುವ ಆಯ್ಕೆ ಇದೆ. ತಂಡ-07 ಎಂದು ಕೊಟ್ಟು ಅಪ್ ಹೇಳಿದರೆ ಅದೇ ಫೈಲ್‌ನಿಂದ ಬೇರೆಯದೇ ಕಂಟೇನರ್‌ಗಳು, ಬೇರೆಯದೇ ಜಾಲಗಳು ಹುಟ್ಟುತ್ತವೆ. ಪೋರ್ಟ್ ಸಂಖ್ಯೆಯನ್ನು 20000ಕ್ಕೆ ತಂಡದ ಸಂಖ್ಯೆ ಕೂಡಿಸಿ ಮಾಡಿ, ಏಳನೇ ತಂಡಕ್ಕೆ 20007. ಕೆಟ್ಟುಹೋಯಿತು ಅಂದರೆ ಆ ಪ್ರಾಜೆಕ್ಟ್‌ಗೆ ಮಾತ್ರ ಡೌನ್, ಮತ್ತೆ ಅಪ್.

ಲೆಕ್ಕ ನೋಡಿ. ಆಪ್‌ಗೆ 128, ಪ್ರಾಕ್ಸಿಗೆ 32, ಒಟ್ಟು 160 ಎಂಬಿ. ಅರವತ್ತು ತಂಡಕ್ಕೆ 9,600 ಎಂಬಿ. 16 ಜಿಬಿ ಯಂತ್ರದಲ್ಲಿ ಆರಾಮಾಗಿ ಕೂರುತ್ತದೆ. ಆದರೆ ಹದಿನೈದು ತಂಡ ಎದ್ದ ಮೇಲೆ ಮುಂದಿನದು ಏಳಲು ನಿರಾಕರಿಸುತ್ತದೆ, ಮೆಮೊರಿ ಬೇಕಾದಷ್ಟು ಇದ್ದರೂ. ಕಾರಣ ವಿಳಾಸಗಳು. ಡಾಕರ್ ಹೊಸ ಜಾಲಗಳಿಗೆ ಹಂಚಲು ಇಟ್ಟುಕೊಂಡ ವಿಳಾಸಗಳ ಕಣಜದಲ್ಲಿ ಸುಮಾರು ಮೂವತ್ತು ಜಾಲಗಳಿಗೆ ಮಾತ್ರ ಜಾಗ, ನಾವು ತಂಡಕ್ಕೆ ಎರಡು ಬಳಸುತ್ತಿದ್ದೇವೆ. ಡೀಮನ್‌ನ ಜೇಸನ್ ಫೈಲ್‌ನಲ್ಲಿ ಡೀಫಾಲ್ಟ್-ಅಡ್ರೆಸ್-ಪೂಲ್ಸ್ ಬದಲಿಸಿ. ಬೇಸ್ 10.200.0.0/16, ಸೈಜ್ 26 ಎಂದು ಕೊಟ್ಟರೆ 1,024 ಜಾಲಗಳು ಸಿಗುತ್ತವೆ. ಕಾಲೇಜಿನ ಜಾಲವೇ 10.200ರಲ್ಲಿ ಇದೆಯೇ ಎಂದು ಮೊದಲು ಕೇಳಿಕೊಳ್ಳಿ. ಎರಡೂ ಒಂದೇ ಆದರೆ ಲ್ಯಾಬ್‌ನ ಕಂಪ್ಯೂಟರ್‌ಗಳಿಗೆ ಸರ್ವರ್ ಉತ್ತರವನ್ನೇ ಕೊಡುವುದಿಲ್ಲ.

ಹಂತ 8: ಎರಡು ಬಗೆಯ ಪರೀಕ್ಷೆ

ಪರಿಹಾರ ಫೋಲ್ಡರ್‌ನ ಸ್ಕ್ರಿಪ್ಟ್ ವಿದ್ಯಾರ್ಥಿಯ ಹಾಗೆ ಹೊರಗಿನಿಂದ ಬರಬೇಕು, ಪ್ರಾಕ್ಸಿ ದಾಟಿ, ಸೆಮಿಕೋಲನ್ ಹಾಕಿ, ಫ್ಲ್ಯಾಗ್ ತೆಗೆದು, ಲೆಕ್ಕ ಹಾಕಿದ ಎಚ್‌ಮ್ಯಾಕ್‌ಗೆ ಹೋಲಿಸಬೇಕು. ಇದು ಹಾದುಹೋಗದ ಚಾಲೆಂಜನ್ನು ಯಾರೇ ಬರೆದಿರಲಿ ಸೇರಿಸಬೇಡಿ. ಹೊಸ ಬಿಲ್ಡ್ ಆದಾಗಲೆಲ್ಲ ಇದು ತಾನಾಗಿ ಓಡುವಂತೆ ಗಿಟ್‌ಗೆ ಕಟ್ಟಿಹಾಕಿ. ಕಂಟೇನರ್‌ನ ಹೆಲ್ತ್‌ಚೆಕ್ ಪುಟ ತೆರೆಯುತ್ತದೆಯೇ ಎಂದಷ್ಟೇ ನೋಡಿದರೆ ಸಾಕು. ಸ್ಲಿಮ್ ಇಮೇಜ್‌ನಲ್ಲಿ ಕರ್ಲ್ ಇರುವುದಿಲ್ಲ, ಅದಕ್ಕಾಗಿ ಕರ್ಲ್ ಹಾಕುವ ಬದಲು ಪೈಥಾನ್‌ನ ಯುಆರ್‌ಎಲ್‌ಲಿಬ್‌ನಿಂದಲೇ ಒಂದು ಸಾಲಿನಲ್ಲಿ ಮಾಡಿ.

ಗೋಡೆಯ ಪರೀಕ್ಷೆ ಇದರ ಉಲ್ಟಾ, ಇಲ್ಲಿ ಎಲ್ಲವೂ ಸೋಲಬೇಕು. ಅದೇ ಇಂಜೆಕ್ಷನ್ ಮೂಲಕ ಒಳಗೆ ಹೋಗಿ ಆಪ್ ಫೈಲ್ ಮೇಲೆ ಬರೆಯಲು ನೋಡಿ. ಹೊರಗಿನ ವಿಳಾಸಕ್ಕೆ, 169.254.169.254ಕ್ಕೆ, ಬ್ರಿಡ್ಜ್‌ನ ಹೋಸ್ಟ್ ವಿಳಾಸದ 22ನೇ ಪೋರ್ಟ್‌ಗೆ, ಪಕ್ಕದ ತಂಡದ ಆಪ್‌ಗೆ ಸಂಪರ್ಕ ಯತ್ನಿಸಿ. ನೂರು ಪ್ರೊಸೆಸ್ ಹುಟ್ಟಿಸಲು ನೋಡಿ, 200 ಎಂಬಿ ಮೆಮೊರಿ ಕೇಳಿ, ಟಿಎಂಪಿಯಲ್ಲಿ 50 ಎಂಬಿ ಬರೆಯಲು ಹೋಗಿ. ಇವುಗಳಲ್ಲಿ ಒಂದು ಗೆದ್ದರೂ ಸ್ಕ್ರಿಪ್ಟ್ ಕೆಂಪು ತೋರಿಸಲಿ. ಕಂಪೋಸ್ ಫೈಲನ್ನು ಕಣ್ಣಲ್ಲಿ ಓದಿ ಸರಿಯಿದೆ ಎನ್ನುವುದಕ್ಕಿಂತ ಈ ಎಂಟು ತಟ್ಟುವಿಕೆ ಹೆಚ್ಚು ನಂಬಿಕೆ ಕೊಡುತ್ತದೆ.

ಹಳೆಯ ಸಾಫ್ಟ್‌ವೇರ್‌ನ ಚಾಲೆಂಜ್‌ಗಳು

2021ರ ಡಿಸೆಂಬರ್‌ನಲ್ಲಿ ಜಾವಾದ ಲಾಗ್4ಜೆ ಲೈಬ್ರರಿಯಲ್ಲಿ ಬಯಲಾದ ದೋಷ ಲಾಗ್4ಶೆಲ್, ಸಿವಿಇ-2021-44228, ಪಾಠಕ್ಕೆ ಬಹಳ ಒಳ್ಳೆಯದು. ಟೆಂಪ್ಲೇಟ್ ಕಟ್ಟುವವರಿಗೂ ಅದು ಎರಡು ಸಂಗತಿ ಕಲಿಸುತ್ತದೆ. ಲಾಗ್4ಜೆ 2.14.1 ಹಿಡಿದಿಟ್ಟರಷ್ಟೇ ಸಾಲದು, ಜಾವಾದ ಆವೃತ್ತಿಯನ್ನೂ ಹಿಡಿದಿಡಬೇಕು. ಜಾವಾ 8ರ 191ನೇ ಅಪ್‌ಡೇಟ್‌ನಿಂದ ಮುಂದೆ ಎಲ್‌ಡ್ಯಾಪ್ ಮೂಲಕ ದೂರದ ಕ್ಲಾಸ್ ತಂದು ಓಡಿಸುವುದನ್ನು ಮೊದಲೇ ಮುಚ್ಚಿರುತ್ತಾರೆ, ಪುಸ್ತಕದಂತೆ ಮಾಡಿದ ದಾಳಿಯೂ ನಡೆಯುವುದಿಲ್ಲ. ಎರಡನೆಯದಾಗಿ, ಈ ದಾಳಿಯಲ್ಲಿ ಬಲಿಯಾದ ಆಪ್ ದಾಳಿಕೋರನ ಸರ್ವರ್‌ಗೆ ತಾನೇ ಕರೆ ಮಾಡಬೇಕು. ಒಳಜಾಲದಿಂದ ಹೊರಗೆ ಕರೆ ಹೋಗದು. ಜಾಲ ತೆರೆಯಬೇಡಿ, ದಾಳಿಕೋರನ ಕಂಟೇನರ್ ಒಂದನ್ನು ಅದೇ ಒಳಜಾಲದೊಳಗೆ ಇಟ್ಟು ವಿದ್ಯಾರ್ಥಿಗೆ ಬ್ರೌಸರ್ ಟರ್ಮಿನಲ್ ಮೂಲಕ ಅದನ್ನು ಕೊಡಿ.

ಹಳೆಯ ಡೆಬಿಯನ್ ಬೇಕಾದಾಗ ಆಪ್ಟ್ ಅಪ್‌ಡೇಟ್ 404 ಎನ್ನುತ್ತದೆ. ಬೆಂಬಲ ಮುಗಿದ ಆವೃತ್ತಿಗಳು ಡೆಬಿಯನ್‌ನ ಆರ್ಕೈವ್ ಸರ್ವರ್‌ಗೆ ಹೋಗಿರುತ್ತವೆ, ವಿಳಾಸ ಅತ್ತ ತಿರುಗಿಸಿ. ನಿರ್ದಿಷ್ಟ ದಿನದ ಪ್ಯಾಕೇಜ್ ಬೇಕಿದ್ದರೆ ಡೆಬಿಯನ್‌ನದೇ ಸ್ನ್ಯಾಪ್‌ಶಾಟ್ ಸೇವೆ ಇದೆ. ಅಂಥ ಇಮೇಜನ್ನು ಒಮ್ಮೆ ಕಟ್ಟಿದ ಮೇಲೆ ಫೈಲ್ ಆಗಿ ಉಳಿಸಿಡಿ, ಮುಂದಿನ ವರ್ಷ ಮತ್ತೆ ಕಟ್ಟಲಾಗುತ್ತದೆ ಎಂದು ನಂಬಬೇಡಿ.

ಎಲ್ಲವನ್ನೂ ನೀವೇ ಬರೆಯಬೇಕೆಂದಿಲ್ಲ. ಕಲಿಕೆಗೆಂದೇ ದೋಷವಿಟ್ಟು ಕಟ್ಟಿದ ಓವಾಸ್ಪ್‌ನ ಜ್ಯೂಸ್ ಶಾಪ್, ವೆಬ್‌ಗೋಟ್, ಇನ್ನು ಡಿವಿಡಬ್ಲ್ಯೂಎ ಇವುಗಳ ಇಮೇಜ್‌ಗಳನ್ನು ಇದೇ ಬೇಲಿಯೊಳಗೆ ಕೂರಿಸಬಹುದು. ಅವುಗಳಿಗೆ ಬರೆಯಲು ಜಾಗ ಹೆಚ್ಚು ಬೇಕು, ಮೆಮೊರಿಯೂ ಹೆಚ್ಚು ಬೇಕು, ಮಿತಿಗಳನ್ನು ಅಳೆದು ಸಡಿಲಿಸಿ.

ಕಂಟೇನರ್ ಸಾಲದ ಕಡೆ

ಕರ್ನಲ್ ದೋಷ, ಕಂಟೇನರ್‌ನಿಂದ ತಪ್ಪಿಸಿಕೊಳ್ಳುವುದು, ವಿಂಡೋಸ್ ಆಕ್ಟಿವ್ ಡೈರೆಕ್ಟರಿ ಇವುಗಳ ಪಾಠಕ್ಕೆ ವರ್ಚುವಲ್ ಮಷೀನೇ ಬೇಕು. ಬೈನರಿ ಎಕ್ಸ್‌ಪ್ಲಾಯ್ಟ್, ಅಂದರೆ ಪ್ರೋಗ್ರಾಂನ ಮೆಮೊರಿ ದೋಷ ಬಳಸಿಕೊಳ್ಳುವ, ಚಾಲೆಂಜ್‌ಗಳು ಕಂಟೇನರ್‌ನಲ್ಲಿ ನಡೆಯುತ್ತವೆ, ಆದರೆ ಎಚ್ಚರ ಬೇಕು. ಉಬುಂಟು 22.04ರಲ್ಲಿ ಸಿ ಲೈಬ್ರರಿಯಾದ ಜಿಲಿಬ್‌ಸಿ 2.35, ಡೆಬಿಯನ್ 12ರಲ್ಲಿ 2.36, ಆಲ್ಪೈನ್‌ನಲ್ಲಿ ಜಿಲಿಬ್‌ಸಿಯೇ ಅಲ್ಲ, ಮಸಲ್. ಇಮೇಜ್ ಬದಲಾದರೆ ಆಫ್‌ಸೆಟ್‌ಗಳೆಲ್ಲ ಬದಲಾಗುತ್ತವೆ, ಬಿಡಿಸುವವರಿಗೆ ಕೊಡುವ ಲೈಬ್ರರಿ ಫೈಲ್ ಇಮೇಜ್‌ನೊಳಗಿನದೇ ಆಗಿರಲಿ. ವಿಳಾಸಗಳನ್ನು ಕಲಸುವ ಎಎಸ್‌ಎಲ್‌ಆರ್ ಇಡೀ ಕರ್ನಲ್‌ಗೆ ಒಂದೇ ಸೆಟ್ಟಿಂಗ್. ಒಂದು ಕಂಟೇನರ್‌ನಲ್ಲಿ ಮಾತ್ರ ಆರಿಸಲು ಸೆಟ್‌ಆರ್ಚ್ ಬಳಸಿದರೆ ಕರ್ನಲ್‌ಗೆ ಹೋಗುವ ಕರೆಗಳನ್ನು ಸೋಸುವ ಡಾಕರ್‌ನ ಮಾಮೂಲಿ ಸೆಕಾಂಪ್ ನಿಯಮ ತಡೆಯುತ್ತದೆ. ಅದನ್ನು ಪೂರ್ತಿ ತೆಗೆದುಹಾಕುವ ಬದಲು ಆ ಒಂದು ಕರೆಗೆ ಅನುಮತಿ ಸೇರಿಸಿದ ಸೆಕಾಂಪ್ ಫೈಲ್ ಬರೆದು ಟೆಂಪ್ಲೇಟ್‌ಗೆ ಸೇರಿಸಿ. ಇನ್ನೂ ಬಿಗಿ ಬೇಕೆನ್ನುವವರಿಗೆ ಗೂಗಲ್‌ನ ಜಿವೈಸರ್ ಇದೆ, ಕಂಟೇನರ್ ಮತ್ತು ಕರ್ನಲ್ ನಡುವೆ ಇನ್ನೊಂದು ಪದರ ಹಾಕುತ್ತದೆ. ಸ್ವಲ್ಪ ನಿಧಾನವಾಗುತ್ತದೆ, ವೆಬ್ ಚಾಲೆಂಜ್‌ಗಳಿಗೆ ಅದು ಅಡ್ಡಿಯಾಗದು.

ಕಾರ್ಯಕ್ರಮದ ದಿನ

ಇಮೇಜ್‌ಗಳನ್ನು ಹಿಂದಿನ ದಿನವೇ ಸರ್ವರ್‌ಗೆ ಇಳಿಸಿರಿ. ಲಾಗಿನ್ ಆಗದೆ ಒಂದು ಐಪಿ ವಿಳಾಸದಿಂದ ಇಷ್ಟೇ ಇಮೇಜ್ ಎಳೆಯಬಹುದು ಎಂಬ ಮಿತಿಯನ್ನು ಡಾಕರ್ ಹಬ್ 2020ರ ನವೆಂಬರ್‌ನಿಂದ ಜಾರಿಗೆ ತಂದಿದೆ. ಇಡೀ ಕಾಲೇಜು ಒಂದೇ ಹೊರ ವಿಳಾಸದ ಹಿಂದಿದ್ದರೆ ಎಲ್ಲರ ಎಳೆತವೂ ಒಂದೇ ಖಾತೆಗೆ ಬೀಳುತ್ತದೆ. ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ನಲ್ಲೇ ಓಡಿಸುವ ಯೋಜನೆಯಿದ್ದರೆ ಲ್ಯಾಬ್‌ನಲ್ಲೇ ಒಂದು ರಿಜಿಸ್ಟ್ರಿ ಇಡಿ, ಅಥವಾ ಡಾಕರ್ ಸೇವ್‌ನಿಂದ ಫೈಲ್ ಮಾಡಿ ಪೆನ್‌ಡ್ರೈವ್‌ನಲ್ಲಿ ಹಂಚಿ. ಆರ್ಮ್ ಚಿಪ್‌ನ ಮ್ಯಾಕ್ ಇರುವವರಿಗೆ ಆ ಚಿಪ್‌ಗೆ ಕಟ್ಟಿದ ಇಮೇಜ್ ಬೇರೆ ಬೇಕು.

ಎಲ್ಲ ತಂಡಗಳ ಪ್ರತಿಗಳನ್ನೂ ಎಬ್ಬಿಸಿ, ಪರಿಹಾರ ಸ್ಕ್ರಿಪ್ಟನ್ನು ಎಲ್ಲ ಪೋರ್ಟ್‌ಗಳ ಮೇಲೂ ಒಟ್ಟಿಗೆ ಓಡಿಸಿ ನೋಡಿ. ಅರವತ್ತಕ್ಕೆ ಅರವತ್ತೂ ಫ್ಲ್ಯಾಗ್ ಬಂದರೆ ಸರ್ವರ್ ಭಾರ ಹೊರುತ್ತದೆ ಎಂದು ಅರ್ಥ. ಕಾರ್ಯಕ್ರಮ ನಡೆಯುವಾಗ ಒಂದು ಪರದೆಯಲ್ಲಿ ಡಾಕರ್ ಸ್ಟಾಟ್ಸ್ ತೆರೆದಿಡಿ, ಮಿತಿಗೆ ತಾಗಿ ನಿಂತ ಕಂಟೇನರ್ ಕಂಡರೆ ಆ ತಂಡದ ಹತ್ತಿರ ಹೋಗಿ ಏನು ಮಾಡುತ್ತಿದ್ದೀರಿ ಎಂದು ಕೇಳಿ. ಬಹಳ ಸಲ ಅವರು ಪಾಠಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿರುತ್ತಾರೆ, ಅವರ ಜೊತೆ ಮಾತಾಡಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗದು.

ಮುಗಿದ ಮೇಲೆ ಪ್ರತಿ ಪ್ರಾಜೆಕ್ಟ್‌ಗೂ ವಾಲ್ಯೂಮ್ ಸಮೇತ ಡೌನ್ ಹೇಳಿ. ಲಾಗ್‌ಗಳು ಬೇಕಿದ್ದರೆ ಅದಕ್ಕೂ ಮೊದಲು ನಕಲಿಸಿಕೊಳ್ಳಿ, ಯಾವ ದಾರಿಯಲ್ಲಿ ಹೆಚ್ಚು ಮಂದಿ ಎಡವಿದರು ಎಂಬುದು ಮುಂದಿನ ಚಾಲೆಂಜ್ ಬರೆಯುವವರಿಗೆ ಬೇಕಾಗುತ್ತದೆ. ಫ್ಲ್ಯಾಗ್ ಕೀ ಬದಲಿಸಿ, ವರ್ಚುವಲ್ ಮಷೀನನ್ನು ಅಳಿಸಿ. ದೋಷವಿರುವ ಇಮೇಜ್‌ಗಳನ್ನು ಸಾರ್ವಜನಿಕ ರಿಜಿಸ್ಟ್ರಿಗೆ ಏರಿಸಬೇಡಿ. ಏರಿಸಲೇಬೇಕಾದರೆ ತರಬೇತಿಗೆ ಮಾತ್ರ ಎಂಬ ಮಾತು ಇಮೇಜ್‌ನ ಹೆಸರಿನಲ್ಲೇ ಇರಲಿ, ಲೇಬಲ್‌ನಲ್ಲೂ ಇರಲಿ.